ಉಪ್ಪು ಬಿಟ್ಟ ಬೇಸಿಗೆ

ಉಪ್ಪು ಹಾಕದ ಬೇಳೆಗೆ ಅದರದೇ ಒಂದು ವಾಸನೆ ಇದೆ. ನಗಬೇಡಿ, ನಿಜವಾಗಿಯೂ ಇದೆ. ತೊಗರಿಬೇಳೆ ನುಣ್ಣಗೆ ಬೆಂದು, ಅರಿಸಿನ ಬಿದ್ದು, ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎಂದ ಮೇಲೂ ಉಪ್ಪು ಬೀಳದೆ ಹೋದರೆ ಅದರಿಂದ ಒಂದು ಹಸಿಹಸಿಯಾದ, ಸಿಹಿಯಾದ ಆವಿ ಏಳುತ್ತದೆ, ಎಳೆಗೂಸಿನ ಬಾಯಿಯ ವಾಸನೆಯ ಹಾಗೆ. ಹೋದ ತಿಂಗಳು ಬೇಗಂಪೇಟೆಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸೊಟ್ಟಗೆ ಮಾಡಿಕೊಂಡು "ನಮಕ್ ಬಿಲ್ಕುಲ್ ಬಂದ್, ಅಮ್ಮಾ" ಅಂದುಬಿಟ್ಟರು. ಅವರಿಗೇನು, ಹೇಳಿದರು, ಮುಂದಿನ ಪೇಷಂಟನ್ನು ಕರೆದರು. ನಾನು ಮನೆಗೆ ಬಂದು ನನ್ನೊಬ್ಬಳಿಗೆಂದು ಬೇರೆ ಬೋಗುಣಿಯಲ್ಲಿ ಉಪ್ಪಿಲ್ಲದ ಬೇಳೆ ಇಟ್ಟೆ. ಮುಚ್ಚಳ ತೆಗೆದ ಕೂಡಲೇ ಆ ಆವಿ ಮುಖಕ್ಕೆ ಹೊಡೆಯಿತು ನೋಡಿ, ಸವಟು ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಒಂದು ಬೇಸಿಗೆಯ ತುಂಬ ನಮ್ಮ ಮನೆಯಲ್ಲಿ ಹೀಗೇ ಒಂದು ಸಣ್ಣ ಬೋಗುಣಿ ಬೇರೆಯಾಗಿ ಒಲೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಅದು ಗೋದತ್ತಿಯ ಬೋಗುಣಿ.

ಮನೆ ಇದ್ದದ್ದು ಹೈದರಾಬಾದಿನ ತಾರ್ನಾಕದಲ್ಲಿ. ಈಗ ಅಲ್ಲಿ ಐದು ಮಾಳಿಗೆಯ ಅಪಾರ್ಟ್‌ಮೆಂಟ್ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ಮೆಟ್ರೋದಲ್ಲಿ ಹೋಗುವಾಗ ನಾನು ಬೇಕೆಂದೇ ಆ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂಡುತ್ತೇನೆ. ನಮ್ಮದು ಕಲಬುರಗಿ ಸೀಮೆಯ ಮನೆತನ. ಅಜ್ಜ ಸರ್ಕಾರಿ ನೌಕರಿ ಹಿಡಿದು ಇಲ್ಲಿಗೆ ಬಂದವನು ಊರಿನ ಕಡೆ ತಿರುಗಿ ನೋಡಲಿಲ್ಲ, ಆದರೆ ಮನೆ ಕಟ್ಟಿಸುವಾಗ ನೆಲಕ್ಕೆ ಶಹಾಬಾದಿ ಪರಸಿಯೇ ಬೇಕೆಂದು ಹಟ ಹಿಡಿದು ತರಿಸಿದ್ದನಂತೆ. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ ಬರಿಮೈಯಲ್ಲಿ ಬಿದ್ದುಕೊಂಡರೆ ಬರುತ್ತಿದ್ದ ತಂಪು ಈಗಿನ ಏಸಿಗೆ ಎಲ್ಲಿಂದ ಬರಬೇಕು! ಹಿತ್ತಲಲ್ಲಿ ಒಂದು ಬೇವಿನ ಮರ, ಒಂದು ಪೇರಲ ಗಿಡ, ಬಟ್ಟೆ ಒಗೆಯುವ ಕಲ್ಲು. ಮನೆಯಲ್ಲಿ ಅಪ್ಪ, ಅಮ್ಮ, ಮದುವೆಯಾಗದ ಇಬ್ಬರು ಕಾಕಾಗಳು, ನಾನು, ನನ್ನ ತಮ್ಮಂದಿರು. ಎಲ್ಲರ ತಲೆಯ ಮೇಲೆ ಅಪ್ಪನ ತಾಯಿ. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಅಪ್ಪ ನಾಂಪಲ್ಲಿಯ ಕಚೇರಿಯಲ್ಲಿ ಅಷ್ಟು ಮಂದಿಯ ಮೇಲೆ ಸಾಹೇಬ, ಮನೆಗೆ ಬಂದರೆ ಆಯಿಯ ಮುಂದೆ ಬಾಯಿಗೆ ಬೀಗ.

ಸಾಲ ಎಂಬುದಕ್ಕೆ ನಮ್ಮ ಮನೆಯಲ್ಲಿದ್ದಷ್ಟು ಹೆಸರುಗಳನ್ನು ನಾನು ಬೇರೆಲ್ಲೂ ಕೇಳಲಿಲ್ಲ. ಪಕ್ಕದ ಮನೆಯ ಸುಗುಣಮ್ಮನಿಂದ ಬಟ್ಟಲಲ್ಲಿ ಸಕ್ಕರೆ ತಂದರೆ ಅದು ಕಡ. ಕಡ ಎಂದರೆ ನಗುನಗುತ್ತ ತಂದು ನಗುನಗುತ್ತ ಕೊಡುವುದು, ಕೊಡುವಾಗ ಒಂದು ಮುಷ್ಟಿ ಹೆಚ್ಚೇ ಹಾಕುವುದು. ಕಿರಾಣಿ ಅಂಗಡಿಯದು ಉದ್ರಿ. ಕಾಕಾಗಳು ಗೆಳೆಯರ ಹತ್ತಿರ ಇಸಕೊಂಡದ್ದು ಕರ್ಜು, ಅದಕ್ಕೆ ಆಯಿಯ ಬಾಯಿಂದ ಬೈಗುಳ ಗ್ಯಾರಂಟಿ. ಸುಗುಣಮ್ಮ ತೆಲುಗಿನಲ್ಲಿ ಎಲ್ಲಕ್ಕೂ ಒಂದೇ ಮಾತು, ಅಪ್ಪು, ಅಂದು ಮುಗಿಸುತ್ತಿದ್ದಳು. ಸಾಲ ಎಂಬ ಮಾತನ್ನು ಮಾತ್ರ ದೊಡ್ಡವರು ದನಿ ತಗ್ಗಿಸಿ ಆಡುತ್ತಿದ್ದರು. ಋಣ ಎಂಬುದು ದೇವರ ಕೋಣೆಯ ಮಾತು, ಯಾರಾದರೂ ಸತ್ತಾಗ ಹೊರಗೆ ಬರುತ್ತಿತ್ತು. ಇವೆಲ್ಲ ಅಲ್ಲದೆ ಹಂಗು ಎಂದು ಇನ್ನೊಂದಿತ್ತು. ಆ ಮಾತನ್ನು ಆಯಿ ಒಬ್ಬಳಿಗಾಗಿಯೇ ತೆಗೆದಿಟ್ಟಿದ್ದಳು. ಆ ಒಬ್ಬಳು ಗೋದತ್ತಿ.

ಗೋದಾವರಿ ಅಪ್ಪನ ಚಿಕ್ಕಪ್ಪನ ಮಗಳು. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿಹೋಯಿತು. ಅದೇ ಹೊತ್ತಿಗೆ ಸೇಡಂ ಕಡೆಯ ಹಳ್ಳಿಯಲ್ಲಿ ಗೋದತ್ತಿ ಗಂಡನನ್ನು ಕಳೆದುಕೊಂಡಿದ್ದಳು, ಅವನ ಹಿಂದೆಯೇ ಮೊಲೆಗೂಸನ್ನೂ. ಅಪ್ಪ ಹೋಗಿ ಕರೆದುಕೊಂಡು ಬಂದ. ದಿಕ್ಕಿಲ್ಲದ ತಂಗಿಗೆ ನೆರಳು ಕೊಟ್ಟ ಎಂದು ಬಂಧುಗಳೆಲ್ಲ ಅಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಎದೆಯಲ್ಲಿ ಇನ್ನೂ ಹಾಲಿತ್ತು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾನು ಆ ಹಾಲು ಕುಡಿದು ಬದುಕಿದೆ. ಅವಳು ಅಡಿಗೆಮನೆಗೆ ಹೊಕ್ಕಳು, ಹೊಕ್ಕವಳು ಹೊರಗೆ ಬರಲಿಲ್ಲ. ಬೆಳಗಾದರೆ ಅಷ್ಟು ಜನಕ್ಕೆ ರೊಟ್ಟಿ ಬಡಿಯುವ ಸಪ್ಪಳ, ಪಟಪಟ ಪಟಪಟ, ನನ್ನ ಎಳವೆಯ ನಿದ್ದೆಯೆಲ್ಲ ಆ ಸಪ್ಪಳದಲ್ಲೇ ಹರಿದದ್ದು. ಅವಳ ಸೆರಗಿಗೆ ಜೋಳದ ಹಿಟ್ಟಿನ ವಾಸನೆ, ಕೈಗೆ ಹೊಗೆಯ ವಾಸನೆ. ಸಣ್ಣ ಮೈಕಟ್ಟಿನವಳು, ನಕ್ಕರೆ ಒಂದು ಕಡೆಯ ಗಲ್ಲ ಮಾತ್ರ ಗುಳಿ ಬೀಳುತ್ತಿತ್ತು.

ನಮ್ಮ ಮನೆಗೆ ಹೊರಗಿನಿಂದ ಏನು ಕಡ ಬಂದರೂ ಉಪ್ಪು ಬರುತ್ತಿರಲಿಲ್ಲ. ಉಪ್ಪು ಕೈಯಿಂದ ಕೈಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಯಾರಿಗೂ ನೀಡಬಾರದು, ಒಬ್ಬರ ಉಪ್ಪು ಉಂಡರೆ ಬಟ್ಟಲು ತುಂಬಿಸಿ ತಿರುಗಿ ಕೊಟ್ಟರೂ ತೀರುವುದಿಲ್ಲ, ಇದು ಆಯಿಯ ಶಾಸ್ತ್ರ. ಎಲ್ಲರ ತಾಟಿನ ಅಂಚಿಗೂ ಉಪ್ಪು ಬಡಿಸುತ್ತಿದ್ದವಳು ಗೋದತ್ತಿ. ಎಲ್ಲರೂ ಉಂಡಾದ ಮೇಲೆ ಅವಳು ತನ್ನ ತಾಟು ಇಟ್ಟುಕೊಂಡು ಕೂತಾಗ ಮಾತ್ರ ಆಯಿ ಎದ್ದು ಬರುತ್ತಿದ್ದಳು. ಮೊಣಕಾಲು ನೋವು, ಮಣೆಯಿಂದ ಏಳುವುದಕ್ಕೆ ಅಯ್ಯೋ ಅಪ್ಪಾ ಅನ್ನುವವಳು, ಇದಕ್ಕೆ ಮಾತ್ರ ಗೋಡೆ ಹಿಡಿದುಕೊಂಡು ಬಂದೇ ಬರುತ್ತಿದ್ದಳು. ಭರಣಿಯಿಂದ ನಾಲ್ಕು ಹರಳು ತೆಗೆದು ಗೋದತ್ತಿಯ ತಾಟಿಗೆ ಎತ್ತರದಿಂದ ಬಿಡುತ್ತಿದ್ದಳು. "ತಗೋ, ಈ ಮನಿ ಉಪ್ಪು. ಮರೀಬ್ಯಾಡ." ಹರಳು ಸ್ಟೀಲಿನ ತಾಟಿನ ಮೇಲೆ ಟಣ್ ಎಂದು ಬೀಳುತ್ತಿತ್ತು. ಗೋದತ್ತಿ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಳು. ಇದು ಒಂದು ದಿನದ ಮಾತಲ್ಲ, ದಿನಾ. ಮನುಷ್ಯರು ಇಷ್ಟು ನೇಮದಿಂದ ದೇವರನ್ನೂ ಪೂಜಿಸುವುದಿಲ್ಲ.

ಸುಗುಣಮ್ಮನ ಗಂಡನಿಗೆ ಯುನಿವರ್ಸಿಟಿಯಲ್ಲಿ ಕೆಲಸ. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಯುಗಾದಿಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ, ಸುಗುಣಮ್ಮ ಒಂದು ಸುದ್ದಿ ತಂದಳು. ಹುಡುಗಿಯರ ಹಾಸ್ಟೆಲಿನಲ್ಲಿ ಅಡಿಗೆಯ ಉಸ್ತುವಾರಿಗೆ ಒಬ್ಬ ಹೆಣ್ಣುಮಗಳು ಬೇಕಾಗಿದ್ದಾಳೆ, ರಜೆ ಮುಗಿದು ಹಾಸ್ಟೆಲು ತೆಗೆಯುವ ಹೊತ್ತಿಗೆ ಬಂದರಾಯಿತು, ಊಟ, ಪಗಾರ, ಮೇಲಾಗಿ ಇರಲು ಒಂದು ಖೋಲಿ. ಗೋದತ್ತಿ ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಸುಮಿ, ಆ ಖೋಲಿಗೆ ಒಳಗಿಂದ ಚಿಲಕಾ ಇರ್ತೈತೇನಂತ ಕೇಳಿ ಬಾ" ಅಂದಳು. ನಾನು ಓಡಿಹೋಗಿ ಕೇಳಿ ಬಂದೆ. ಇರುತ್ತದೆ ಎಂದಾಗ ಅವಳ ಆ ಒಂದು ಗಲ್ಲ ಗುಳಿ ಬಿದ್ದದ್ದು ಈಗಲೂ ನನ್ನ ಕಣ್ಣ ಮುಂದಿದೆ. ನಮ್ಮ ಮನೆಯಲ್ಲಿ ಅವಳು ಮಲಗುತ್ತಿದ್ದದ್ದು ಅಡಿಗೆಮನೆಯಲ್ಲಿ, ಅದಕ್ಕೆ ಬಾಗಿಲೇ ಇರಲಿಲ್ಲ.

ಸುಗುಣಮ್ಮ ಸಂಭಾವಿತೆ. ಮನೆಯವರು ಹೂಂ ಅನ್ನದೆ ಕರೆದುಕೊಂಡು ಹೋಗುವವಳಲ್ಲ. ನೇರ ಆಯಿಯ ಮುಂದೆ ಬಂದು ಕೂತು, "ಗೋದಾವರಿನಿ ಪಂಪಿಂಚಂಡಮ್ಮಾ" ಎಂದು ಕೇಳಿಯೇಬಿಟ್ಟಳು. ಅಪ್ಪನ ಮುಖ ನೋಡಿದರೆ ಅಪ್ಪ ಪೇಪರಿನ ಹಿಂದೆ. "ಅವ್ವ ಹೂಂ ಅಂದ್ರ ನಂದೇನೂ ತಕರಾರಿಲ್ಲ, ನಾನೇ ಟ್ರಂಕು ಹೊತ್ತು ಬಿಟ್ಟು ಬರ್ತೀನಿ" ಎಂದು ಪೇಪರೇ ಹೇಳಿತು. ಆಯಿ ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಹೇಳಿದಳು. "ಕಳಸ್ತೀನಿ ಬಿಡವ್ವ. ನಾ ಏನು ಆಕೀನ ಹಗ್ಗಾ ಹಾಕಿ ಕಟ್ಟೀನೇನು? ಆದ್ರ ಇಷ್ಟು ವರ್ಷ ಈ ಮನಿ ಉಪ್ಪು ತಿಂದಾಳ. ಆ ಋಣಾ ತೀರಿಸಿ ಹೋಗಲಿ." ಸುಗುಣಮ್ಮನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು. "ಅಪ್ಪೈತೇ ತೀರ್ಚೊಚ್ಚು ಕದಾ" ಅಂದಳು, ಸಾಲ ಎಂದಮೇಲೆ ತೀರಿಸಬಹುದಲ್ಲ ಎಂದು. ಆ ಮಾತು ಕೇಳಿದ್ದೇ ಗೋದತ್ತಿ ಬಾಗಿಲ ಮರೆಯಿಂದ ಹೊರಗೆ ಬಂದಳು. "ಹ್ಯಾಂಗ ತೀರಸಬೇಕು ಹೇಳ್ರಿ ದೊಡ್ಡವ್ವ, ತೀರಸ್ತೀನಿ."

ಆಯಿ ನಕ್ಕಳು. ಎಲೆ ಬಾಯಿಗೆ ಇಟ್ಟುಕೊಂಡು, ಅಗಿದು, ಚೇಷ್ಟೆಗೆಂದೇ ಅಂದಳು. "ಉಪ್ಪು ಬಿಡು. ಯುಗಾದಿಯಿಂದ ಬಿಡು. ಈ ಮನ್ಯಾಗ ದುಡಿ, ಈ ಮನಿ ಉಪ್ಪು ಮುಟ್ಟಬ್ಯಾಡ. ಕಾರಹುಣ್ಣಿವಿ ತನಕಾ ಬಾಯಾಗ ಒಂದು ಹರಳು ಹೋಗಲಿಲ್ಲಂದ್ರ ಋಣಾ ಹರೀತು. ನಾನೇ ಮುಂದ ನಿಂತು ಕಳಸ್ತೀನಿ." ಕಾರಹುಣ್ಣಿವೆ ಎಂದರೆ ಜ್ಯೇಷ್ಠದ ಹುಣ್ಣಿಮೆ, ಅಂದರೆ ಇಡೀ ಬೇಸಿಗೆ. ಸುಗುಣಮ್ಮ ನಕ್ಕಳು, ಕಾಕಾಗಳು ನಕ್ಕರು, ಅಮ್ಮನೂ ಸೆರಗು ಬಾಯಿಗೆ ಇಟ್ಟುಕೊಂಡಳು. ಗೋದತ್ತಿ ನಗಲಿಲ್ಲ. ದೇವರ ಕೋಣೆಗೆ ಹೋಗಿ ವಿಭೂತಿ ಹಚ್ಚಿಕೊಂಡು ಬಂದು, "ಆತ್ರಿ, ಬಿಟ್ನಿ" ಅಂದಳು. ಆಡಿದವಳು ಆಟಕ್ಕೆ ಆಡಿದಳು, ಕೇಳಿದವಳು ವ್ರತ ಹಿಡಿದಳು. ಒಮ್ಮೆ ದೇವರ ಮುಂದೆ ನಿಂತು ಬಂದಮೇಲೆ ಆಯಿಗೂ ಮಾತು ಹಿಂದೆಗೆದುಕೊಳ್ಳುವ ಹಾಗಿರಲಿಲ್ಲ.

ಹೈದರಾಬಾದಿನ ಬೇಸಿಗೆ ನಿಮಗೆ ಗೊತ್ತಲ್ಲ, ಬಂಡೆಗಳೇ ಕಾದು ರಾತ್ರಿಯೆಲ್ಲ ಝಳ ಉಗುಳುತ್ತವೆ. ಆ ಬಿಸಿಲಿನಲ್ಲಿ ಸ್ಟವ್ವಿನ ಮುಂದೆ ಕೂತು ಬೆವರು ಸುರಿಸುವ ಹೆಂಗಸು ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಮಜ್ಜಿಗೆ, ಬರೀ ರೊಟ್ಟಿ ತಿಂದು ಎಷ್ಟು ದಿನ ತಡೆದಾಳು? ಆಯಿಗೆ ಹಟ ಏರಿತು. ಆ ವರ್ಷ ಹಿಂದೆಂದೂ ಇಲ್ಲದಷ್ಟು ಉಪ್ಪಿನಕಾಯಿ ಹಾಕಿಸಿದಳು. ಮಾವಿನಕಾಯಿ ಬುಟ್ಟಿ ಬುಟ್ಟಿ ಬಂತು, ಹಪ್ಪಳದ ಹಿಟ್ಟು, ಸಂಡಿಗೆ, ಉಪ್ಪು ಹಚ್ಚಿದ ಮಜ್ಜಿಗೆ ಮೆಣಸಿನಕಾಯಿ. ಗೋದತ್ತಿ ಇಡೀ ಮಧ್ಯಾಹ್ನ ಮುಂಗೈ ತನಕ ಉಪ್ಪಿನಲ್ಲಿ ಕೈ ಹುಗಿದು ಹೋಳು ಕಲಸುತ್ತಿದ್ದಳು. ಕೈಯೆಲ್ಲ ಬಿರಿದು ಉರಿಯುತ್ತಿತ್ತು. ಆಯಿ ಮಣೆಯ ಮೇಲೆ ಕೂತು ಅವಳ ಬಾಯಿಯನ್ನೇ ಕಾಯುತ್ತಿದ್ದಳು. ಬೆರಳು ತಪ್ಪಿ ತುಟಿಗೆ ಹೋದೀತೇನೋ ಎಂದು.

ರುಚಿ ನೋಡದೆ ಅಡಿಗೆ ಮಾಡುವುದು ಹೇಗೆ? ಅದಕ್ಕೆ ಗೋದತ್ತಿ ಒಂದು ಉಪಾಯ ಕಂಡುಕೊಂಡಳು. "ಸುಮಿ, ಬಾ ಇಲ್ಲಿ, ನಿನ್ನ ನಾಲಿಗಿ ಒಂದೀಟು ಕಡಾ ಕೊಡು" ಎಂದು ಕರೆದು ಸಾರು, ಪಲ್ಯ, ಹಿಂಡಿ ಎಲ್ಲವನ್ನೂ ನನ್ನ ಅಂಗೈಗೆ ಹಾಕುತ್ತಿದ್ದಳು. ನಾನು ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ಹಕೀಮನ ಗತ್ತಿನಲ್ಲಿ "ಕಡಿಮಿ ಐತಿ", "ಬರೋಬರಿ ಆತು" ಅನ್ನುತ್ತಿದ್ದೆ. ಕೂಡಲೇ ಅವಳು ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಬಾಯಿಗೆ ಇಟ್ಟು, "ತಗೋ, ನಿನ್ನ ಕಡಾ ತೀರಿತು" ಅನ್ನುತ್ತಿದ್ದಳು. ಯಾರದೂ ಏನೂ ಇಟ್ಟುಕೊಳ್ಳಬಾರದು ಎಂದು ಅವಳಿಗೆ ಒಂದು ಹುಚ್ಚೇ ಹಿಡಿದಿತ್ತು. ನನಗಂತೂ ಅದರಷ್ಟು ಸುಖದ ಬೇಸಿಗೆ ಮತ್ತೆ ಬರಲಿಲ್ಲ. ಅವಳ ಕೆನ್ನೆ ಒಳಗೆ ಹೋಗುತ್ತಿರುವುದು, ನಿಂತಾಗ ಗೋಡೆ ಹಿಡಿಯುವುದು ನನ್ನ ಕಣ್ಣಿಗೆ ಬೀಳುತ್ತಿತ್ತು, ಆದರೆ ಬೆಲ್ಲದ ಆಸೆ ಅದಕ್ಕಿಂತ ದೊಡ್ಡದಿತ್ತು.

ಕಾರಹುಣ್ಣಿವೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಹರವಲು ಹೋದವಳು ಅಲ್ಲೇ ದೊಪ್ಪನೆ ಬಿದ್ದಳು. ಕಾಕಾಗಳು ಹೊತ್ತು ತಂದು ಪರಸಿಯ ಮೇಲೆ ಮಲಗಿಸಿದರು. ಕಣ್ಣು ಮೇಲೆ ಹೋಗಿತ್ತು, ಕೈಕಾಲು ಸೆಟೆದಿದ್ದವು. ಓಣಿಯ ಕಂಪೌಂಡರ್ ಬಂದು ನಾಡಿ ನೋಡಿ, ಮೈಯಲ್ಲಿ ಉಪ್ಪಿನ ಅಂಶವೇ ಇಲ್ಲ, ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸಿ ಅಂದ. ಆ ಸ್ಥಿತಿಯಲ್ಲೂ ಗೋದತ್ತಿ ಹಲ್ಲು ಕಚ್ಚಿಕೊಂಡು, "ವೈನಿ, ಉಪ್ಪು ಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದು ಅಮ್ಮನ ಸೆರಗು ಹಿಡಿದಳು. ಅಮ್ಮ ಒಳಗೆ ಹೋದಳು, ಅವಳ ಹಿಂದೆ ಆಯಿಯೂ ಹೋದಳು. ನನ್ನನ್ನು ಸುಗುಣಮ್ಮನ ಫ್ರಿಜ್ಜಿನಿಂದ ಐಸು ತರಲು ಓಡಿಸಿದರು. ತಿರುಗಿ ಬರುವಷ್ಟರಲ್ಲಿ ಅಮ್ಮ ಗೋದತ್ತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಿಂದ ನಿಂಬೆಯ ಶರಬತ್ತು ಕುಡಿಸುತ್ತಿದ್ದಳು. ಹೇಗೋ ಜೀವ ನಿಂತಿತು. ಎದ್ದು ಕೂತವಳು ಮೊದಲು ಕೇಳಿದ್ದು ಹುಣ್ಣಿವೆ ಯಾವತ್ತು ಅಂತ.

ಹುಣ್ಣಿವೆಯ ದಿನ ಗೋದತ್ತಿ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಎಲ್ಲರಿಗೂ ಕಡಬು ಮಾಡಿ ಬಡಿಸಿದಳು. ಅವಳ ತಗಡಿನ ಟ್ರಂಕು ಪಡಸಾಲೆಗೆ ಬಂದಿತ್ತು. ಹೊರಗೆ ಸೈಕಲ್ ರಿಕ್ಷಾ, ಸುಗುಣಮ್ಮ ಹೊಸ್ತಿಲಲ್ಲಿ. ಗೋದತ್ತಿ ಆಯಿಯ ಕಾಲಿಗೆ ಬಿದ್ದು ಎದ್ದಳು. "ಋಣಾ ತೀರಿತಲ್ರಿ ದೊಡ್ಡವ್ವ. ಹೋಗಿ ಬರ್ತೀನ್ರಿ."

"ಎಲ್ಲಿ ತೀರಿತು?" ಅಂದಳು ಆಯಿ. ದನಿ ಏರಿಸಲಿಲ್ಲ, ಎಲೆಗೆ ಸುಣ್ಣ ಹಚ್ಚುವಾಗಿನ ಅದೇ ದನಿ. "ನೀ ಬಿದ್ದ ದಿನಾ ಕುಡಿಸಿದ ಶರಬತ್ತಿನ್ಯಾಗ ಉಪ್ಪಿತ್ತು. ನನ್ನ ಕೈಯಾರೆ ಹಾಕೀನಿ. ನಿನ್ನ ಜೀವಾ ಉಳಿಸಿದ್ದೂ ಈ ಮನಿ ಉಪ್ಪೇ. ಹಳೇದೂ ಹಂಗೇ ಉಳೀತು, ಅದರ ಮ್ಯಾಲೆ ಈಗ ಜೀವದ ಹಂಗು ಬ್ಯಾರೆ ಕೂಡಿತು. ಹೋಗ್ತೀ ಅಂದ್ರ ಹೋಗು, ದೇವರ ಮುಂದ ಸುಳ್ಳಿ ಅನಿಸಿಕೊಂಡು ಹೋಗು."

ಗೋದತ್ತಿ ಅಳುತ್ತಾಳೆ, ಕೂಗಾಡುತ್ತಾಳೆ ಎಂದು ನಾನು ಕಾದೆ. ಅವಳು ಆಯಿಯ ಕಡೆ ನೋಡಲೇ ಇಲ್ಲ. ಅಮ್ಮನ ಕಡೆ ನೋಡಿದಳು. ಅಮ್ಮ ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಹಬ್ಬದ ಊಟ ಮುಗಿದ ಮೇಲೆ ಅಕ್ಕಿ ಆರಿಸುವುದು ಏನಿತ್ತೋ. ತಲೆ ಬಗ್ಗಿಸಿಕೊಂಡು ಕಲ್ಲು ಆರಿಸಿಯೇ ಆರಿಸಿದಳು. ಅಪ್ಪ ಕೆಮ್ಮಿ ಒಳಗೆ ಹೋದ. ಸುಗುಣಮ್ಮ ಹೊಸ್ತಿಲಲ್ಲಿ ನಿಂತಲ್ಲೇ ಒದ್ದಾಡಿ, ಮನೆಯವರ ಮನಸ್ಸು ಇಲ್ಲದೆ ನಾನು ಹೇಗೆ ಕರೆದುಕೊಂಡು ಹೋಗಲಿ ಎಂದು ಗೊಣಗಿ ಮೆಟ್ಟಿಲಿಳಿದಳು. ಗೋದತ್ತಿ ಬಗ್ಗಿ ಟ್ರಂಕಿನ ಕಿವಿ ಹಿಡಿದು ತಾನೇ ಒಳಗೆ ಎಳೆದುಕೊಂಡು ಹೋದಳು. ತಗಡು ಪರಸಿಯ ಮೇಲೆ ಕರಕರ ಎಂದು ಗೀರುತ್ತಿತ್ತು. ಆಮೇಲೆ ಅವಳು ಊಟಕ್ಕೆ ಕೂತಾಗ ಆಯಿ ಗೋಡೆ ಹಿಡಿದುಕೊಂಡು ಬಂದಳು, ಭರಣಿಯಿಂದ ನಾಲ್ಕು ಹರಳು ತೆಗೆದಳು. ಟಣ್. ಗೋದತ್ತಿ ಉಂಡಳು. ನನ್ನ ನಾಲಿಗೆಯನ್ನು ಅವಳು ಮತ್ತೆ ಯಾವತ್ತೂ ಕಡ ಕೇಳಲಿಲ್ಲ.

ಹಾಸ್ಟೆಲಿಗೆ ಬೇರೆ ಯಾರೋ ಬಂದರು. ನಮ್ಮ ಮನೆಯಲ್ಲಿ ರೊಟ್ಟಿಯ ಸಪ್ಪಳ ಹಾಗೇ ನಡೆಯಿತು. ಆಯಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿ ಹಾಸಿಗೆ ಹಿಡಿದಾಗ ತುತ್ತು ಮಾಡಿ ಉಣಿಸಿದವಳೂ ಗೋದತ್ತಿಯೇ. ನಾನಾಗಿದ್ದರೆ ಮೂಗು ಹಿಡಿದು ಉಪ್ಪಿನ ಮುದ್ದೆ ತುರುಕುತ್ತಿದ್ದೆ. ಅವಳು ಹದವಾಗಿ ಕಲಸಿ, ಆರಿಸಿ, ಗಲ್ಲ ಒರೆಸಿ ಉಣಿಸಿದಳು. ಆಯಿ ಹೋದಳು, ಅಪ್ಪ ಹೋದ, ಕಾಕಾಗಳು ಬೇರೆ ಬೇರೆ ಮನೆ ಮಾಡಿದರು, ನನಗೆ ಮದುವೆಯಾಯಿತು. ಗೋದತ್ತಿ ಅದೇ ಅಡಿಗೆಮನೆಯಲ್ಲಿ, ಅದೇ ಬಾಗಿಲಿಲ್ಲದ ಜಾಗದಲ್ಲಿ ಮಲಗಿ ಹೋದಳು. ಮಣ್ಣಿಗೆ ಬಂದ ಬಂಧುಗಳು, ಈ ಮನೆಯ ಅನ್ನದ ಋಣ ಅವಳಿಗೆ ಅಷ್ಟೊಂದು ಇತ್ತು ನೋಡಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಋಣ, ಯಾರಿಗೆ? ನನ್ನ ಮೈಯಲ್ಲಿ ಇದ್ದ ರಕ್ತ ಯಾರ ಹಾಲಿನಿಂದ ಆದದ್ದು ಎಂದು ಕೂಗಬೇಕೆನಿಸಿತು.

ಮನೆ ಮಾರಿದ ಮೇಲೆ ಅಮ್ಮ ನನ್ನ ಹತ್ತಿರ ಬಂದಳು. ಕೊನೆಗಾಲಕ್ಕೆ ಅವಳ ಕಾಲಲ್ಲಿ ನೀರು ತುಂಬಿ ಡಾಕ್ಟರು ಉಪ್ಪು ಬಿಡಿಸಿದರು. ದಿನಾ ರಂಪ. ಒಂದು ದಿನ ತಾಟು ತಳ್ಳಿ, "ಇದನ್ನ ಗೋದಾ ಒಂದು ಬ್ಯಾಸಗಿ ತುಂಬ ಹ್ಯಾಂಗ ತಿಂದ್ಲೋ" ಅಂದಳು. ಗೋಡೆ ನೋಡುತ್ತ, "ಆ ಶರಬತ್ತಿನ್ಯಾಗ ಉಪ್ಪಿದ್ದಿಲ್ಲ ಸುಮಿ. ನಾನೇ ಮಾಡಿದ್ನಿ. ನೀರು, ಸಕ್ರಿ, ನಿಂಬಿಹಣ್ಣು. ಆಯಿ ಭರಣಿ ತೆಗದ್ರು, ನಾ ಅವರ ಕೈ ಹಿಡಿದು ಬ್ಯಾಡ್ರಿ ಅಂದ್ನಿ, ಬಿಟ್ರು" ಅಂದಳು.

"ಮತ್ತ ಹುಣ್ಣಿವಿ ದಿನಾ ಯಾಕ ಬಾಯಿ ಬಿಡಲಿಲ್ಲ?"

"ಆಕಿ ಹೋದ್ರ ಅಷ್ಟು ಮಂದೀಗೆ ರೊಟ್ಟಿ ಯಾರು ಬಡೀ‍ಬೇಕಿತ್ತು?" ಅಮ್ಮ ಸಿಟ್ಟಿನಿಂದಲೇ ಕೇಳಿದಳು. "ನನ್ನ ಕೈಲೆ ಆಗ್ತಿತ್ತೇನು? ಮತ್ತ ನೀ. ನೀ ಆಕಿ ಸೆರಗು ಹಿಡದು ಹೊಂಟುಬಿಡ್ತಿದ್ದಿ. ಹಾಲು ಕುಡಿಸಿದಾಕಿ ಆಕಿ."

ಗೋದತ್ತಿಗೆ ಇದು ಗೊತ್ತೇ ಆಗಲಿಲ್ಲವೇ ಎಂದು ಕೇಳಿದೆ. ಅವಳು ಸಾಯುವ ಮುಂಚೆ ಹೇಳಿದೆ ಅಂದಳು ಅಮ್ಮ. ಗೋದತ್ತಿ ಏನಂದಳು ಎಂದು ಕೇಳಿದ್ದಕ್ಕೆ ಹೇಳಿದಳು. "ನಕ್ಕಳು. 'ನನ್ನ ನಾಲಿಗಿಗೆ ಗೊತ್ತಾಗೂದಿಲ್ಲೇನ್ರಿ ವೈನಿ, ಶರಬತ್ತು ಬರೇ ಸೀ ಇತ್ತು. ನೀವು ಒಂದು ಮಾತು ಆಡ್ತೀರೇನೋ ಅಂತ ಆವತ್ತು ನಿಮ್ಮ ಮಾರೀನೇ ನೋಡಾಕತ್ತಿದ್ನಿ' ಅಂದ್ಲು."

ಇಷ್ಟು ಹೇಳಿ ಅಮ್ಮ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡು, "ಒಂದು ಚಿಟಿಕಿ ಉಪ್ಪು ಹಾಕವ್ವ, ಯಾರು ನೋಡ್ತಾರ" ಅಂದಳು. ನಾನು ಹಾಕಲಿಲ್ಲ. ಡಾಕ್ಟರು ಬೇಡ ಅಂದಿದ್ದರು, ನಿಜ. ಆದರೆ ಡಾಕ್ಟರ ಮಾತಿಗೆ ಹಾಕದೆ ಇದ್ದದ್ದಲ್ಲ.

ಈಗ ಅಮ್ಮನೂ ಇಲ್ಲ. ಹೋದ ತಿಂಗಳು ಆವತ್ತು ನಾನು ಬೋಗುಣಿಯ ಬೇಳೆಯನ್ನು ಅನ್ನಕ್ಕೆ ಸುರಿದುಕೊಂಡು ಒಂದೊಂದೇ ತುತ್ತು ನುಂಗಿದೆ. ಗಂಟಲಿಗೆ ಇಳಿಯುವುದೇ ಇಲ್ಲ, ಸಿಹಿಯೂ ಅಲ್ಲ, ಸಪ್ಪೆಯೂ ಅಲ್ಲ. ಪೂರ್ತಿ ಉಂಡು ಕೈ ತೊಳೆದೆ. ಯಾಕೋ ಏನೋ, ಬೆಲ್ಲದ ಡಬ್ಬಿ ತೆಗೆದು ಒಂದು ಚೂರು ಮುರಿದು ಕೈಯಲ್ಲಿ ಹಿಡಿದುಕೊಂಡೆ. ಹೊರಗೆ ಬಿಸಿಲು ಕಾಯುತ್ತಿತ್ತು. ಬೆಲ್ಲ ಬೆರಳಿಗೆ ಅಂಟಿ ಕರಗುವ ತನಕ ನಿಂತಿದ್ದೆ. ಅದನ್ನು ಇಡಬೇಕಾದ ಬಾಯಿ ಎಂದೋ ಮಣ್ಣಾಗಿತ್ತು.